ಒಂದು ವಾಕ್ಯದ ಹೊರತು

ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಹೋದ ವಾರ ಧಾರವಾಡದ ಒಂದು ಕಾಲೇಜಿನ ಕೋಣೆಯಲ್ಲಿ ನಾವು ಮೂವರು ಕೂತಿದ್ದೆವು. ಜಿಲ್ಲೆಯ ಪತ್ರಕರ್ತರಿಗೆ ಪ್ರತಿ ವರ್ಷ ಕೊಡುವ ಪ್ರಶಸ್ತಿಗಳಿಗೆ ಬಂದ ವರದಿಗಳನ್ನು ಓದಿ ಆರಿಸುವ ಕೆಲಸ. ಈಗ ಎಲ್ಲರೂ ಫೋನಿನಲ್ಲೇ ಪಿಡಿಎಫ್ ಕಳಿಸುತ್ತಾರೆ. ಓದಿ ಓದಿ ಕಣ್ಣು ಉರಿಯುತ್ತದೆಯೇ ಹೊರತು ಕೈಗೆ ಏನೂ ಹತ್ತುವುದಿಲ್ಲ. ಒಬ್ಬ ತಾಲೂಕು ವರದಿಗಾರ ಮಾತ್ರ ಹಳೆಯ ಪದ್ಧತಿಯಂತೆ ಸುದ್ದಿಯನ್ನು ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಲಕೋಟೆಯಲ್ಲಿ ಹಾಕಿ ಕಳಿಸಿದ್ದ. ಮಳೆಯ ಥಂಡಿಗೆ ಅಂಟು ಇನ್ನೂ ಪೂರ್ತಿ ಒಣಗಿರಲಿಲ್ಲ. ಲಕೋಟೆ ಒಡೆದ ಕೂಡಲೇ ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಹಾಳೆಯನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ಕೂತೆ. ಪ್ರಾಣೇಶ ಕಾಕಾ ನೆನಪಾದರು, ಗರಗದ ಗಂಗವ್ವ ನೆನಪಾದಳು, ನಾನು ಕೆಲಸಕ್ಕೆ ಸೇರಿದ ವರ್ಷದ ಆ ಮಳೆಗಾಲ ಪೂರ್ತಿ ನೆನಪಾಯಿತು.

ಆಗ ನನಗೆ ಇಪ್ಪತ್ತಮೂರು. ಹುಬ್ಬಳ್ಳಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿದ್ದೆ. ವರದಿಗಾರ್ತಿ ಎಂದು ಗಬ್ಬೂರಿನ ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆನಾದರೂ ನನಗೆ ಕೊಟ್ಟಿದ್ದು ‘ಇಂದು ನಗರದಲ್ಲಿ’ ಎಂಬ ಅಂಕಣ. ಎಲ್ಲಿ ಪುರಾಣ, ಎಲ್ಲಿ ಸಂಗೀತ, ಎಲ್ಲಿ ಉಚಿತ ಕಣ್ಣಿನ ತಪಾಸಣೆ, ಎಷ್ಟು ಗಂಟೆಗೆ, ಮುಖ್ಯ ಅತಿಥಿ ಯಾರು. ಒಬ್ಬರ ಹೆಸರಿನ ಹಿಂದಿನ ‘ಡಾ.’ ಬಿಟ್ಟುಹೋದರೆ ಮರುದಿನ ಬೆಳಿಗ್ಗೆ ಫೋನು. ಉಳಿದ ಹುಡುಗರು ಬೈಕು ಹತ್ತಿ ಸುದ್ದಿಗೆ ಹೋಗುವಾಗ ನಾನು ಆಮಂತ್ರಣ ಪತ್ರಿಕೆಗಳ ರಾಶಿಯ ಹಿಂದೆ ಕೂತಿರುತ್ತಿದ್ದೆ. ಅಪ್ಪನಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ವ್ಯಾಪಾರ. ಪತ್ರಿಕೆಯಲ್ಲಿ ಅವನು ಓದುತ್ತಿದ್ದುದು ದರದ ಪಟ್ಟಿ ಒಂದನ್ನೇ. ಮಗಳ ಅಂಕಣ ಅದರ ಮಗ್ಗುಲಲ್ಲೇ ಇದ್ದರೂ ಒಂದು ದಿನವೂ ಅದರ ಮಾತೆತ್ತಿದವನಲ್ಲ. ನನಗೆ ಒಳಗೊಳಗೇ ಸಿಟ್ಟು.

ನನಗೊಂದು ಗುಣವಿತ್ತು, ಈಗಲೂ ಸ್ವಲ್ಪ ಇದೆ. ಯಾರಾದರೂ ಅರ್ಧ ಮಾತು ಆಡಿದರೆ ಉಳಿದರ್ಧ ನನಗೆ ತಾನಾಗಿಯೇ ತಿಳಿದುಬಿಡುತ್ತಿತ್ತು. ಇದನ್ನು ನಾನು ಬಹಳ ದಿನ ಜಾಣತನ ಎಂದು ತಿಳಿದಿದ್ದೆ.

ಪ್ರಾಣೇಶ ಕಾಕಾ ನಮ್ಮಲ್ಲಿ ಕರಡು ತಿದ್ದುವವರು. ಧಾರವಾಡದ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು, ಕೈಯಲ್ಲಿ ಅವಲಕ್ಕಿಯ ಡಬ್ಬಿ, ಜೇಬಿನಲ್ಲಿ ಕೆಂಪು ಪೆನ್ನು ಮತ್ತು ಒಂದು ಭೂತಗನ್ನಡಿ. ಕಚೇರಿಗೆ ಬೇಕಾದ ಅಂಟನ್ನೂ ಅವರೇ ಮನೆಯಲ್ಲಿ ಮೈದಾ ಕುದಿಸಿ ಮಾಡಿ ತರುತ್ತಿದ್ದರು. ಅಂಗಡಿಯ ಅಂಟು ಹಾಳೆಯನ್ನು ಹಳದಿ ಮಾಡುತ್ತದೆ ಎಂಬುದು ಅವರ ತಕರಾರು. ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಎಂದರೆ ‘ಅಡ್ಡಿಯಿಲ್ಲ’. ಅದೂ ವರ್ಷಕ್ಕೆ ಒಂದೋ ಎರಡೋ ಸಲ, ಅದೂ ಬಾಯಿಂದಲ್ಲ, ಕರಡಿನ ಅಂಚಿನಲ್ಲಿ ಕೆಂಪು ಅಕ್ಷರದಲ್ಲಿ. ಹಾಗೆ ಬರೆಸಿಕೊಂಡವರು ಆ ಕರಡನ್ನು ಮನೆಗೆ ಒಯ್ಯುತ್ತಿದ್ದರು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಗರಗಕ್ಕೆ ಹೋಗುವ ಅವಕಾಶ ಸಿಕ್ಕಿತು. ಆಗಸ್ಟಿಗೆ ಬೇಕಾಗುವ ಧ್ವಜದ ಖಾದಿಯನ್ನು ಅಲ್ಲಿ ಬೇಸಿಗೆಯಲ್ಲೇ ನೂತು ನೇಯುತ್ತಾರೆ. ಮಳೆ ಹಿಡಿದರೆ ಗಂಜಿ ಹಚ್ಚಿದ ನೂಲು ಲಗೂನೆ ಒಣಗುವುದಿಲ್ಲ. ಹೋಗಬೇಕಾದ ಹುಡುಗನಿಗೆ ಜ್ವರ ಬಂದಿತ್ತು. ಸಂಪಾದಕರು ಸುತ್ತ ನೋಡಿದರು, ಖಾಲಿ ಇದ್ದವಳು ನಾನೊಬ್ಬಳೇ.

ನೂಲುವ ಸಾಲೆಯಲ್ಲಿ ಇಪ್ಪತ್ತು ಹೆಂಗಸರಿದ್ದರು. ಗಂಗವ್ವ ಕಿಟಕಿಯ ಪಕ್ಕದ ರಾಟೆಯ ಮುಂದೆ ಕೂತಿದ್ದಳು. ನಲವತ್ತೈದರ ಆಸುಪಾಸು, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬರಿಗೈ. ಎಳೆ ಹರಿದರೆ ನೋಡದೆಯೇ ಜೋಡಿಸುತ್ತಿದ್ದಳು. ಧ್ವಜದ ಬಟ್ಟೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾದರೂ ಪೂರ್ತಿ ತುಂಡನ್ನೇ ತೆಗೆದು ಹಾಕುತ್ತಾರೆ ಎಂದು ಅವಳೇ ನನಗೆ ಹೇಳಿದ್ದು. ಮನೆಯಲ್ಲಿ ಯಾರಿದ್ದೀರಿ ಎಂದು ಕೇಳಿದೆ. ಅತ್ತೆ ಮತ್ತು ತಾನು ಅಂದಳು. ಯಜಮಾನರು ಎಂದೆ. ರಾಟೆ ನಿಲ್ಲಿಸದೆಯೇ ಹೇಳಿದಳು:

“ಅವರು ಹೋಗಿ ಹನ್ನೆರಡ ವರ್ಷ ಆತ್ರಿ.”

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೇನಿ’ ಅನ್ನುವುದಿಲ್ಲ, ‘ಬರ್ತೇನಿ’ ಅನ್ನುತ್ತಾರೆ. ಮಕ್ಕಳು ಬಾಯಿತಪ್ಪಿ ಹೋಗ್ತೇನಿ ಅಂದರೆ ಅಜ್ಜಿಯರು ಹೊಸ್ತಿಲಿಗೆ ವಾಪಸು ಕರೆದು, ಬರ್ತೇನಿ ಅನ್ನಿಸಿ ಕಳಿಸುತ್ತಾರೆ. ಹೀಗಾಗಿ ‘ಹೋದರು’ ಎಂಬುದಕ್ಕೆ ಉಳಿದಿರುವ ಅರ್ಥ ಒಂದೇ. ಅದರಲ್ಲೂ ಒಬ್ಬ ಹೆಂಗಸು ಗಂಡನ ಹೆಸರೆತ್ತದೆ ಹಾಗೆ ಅಂದರೆ ಮುಂದೆ ಕೆದಕುವುದು ಮರ್ಯಾದಸ್ಥರ ಲಕ್ಷಣವಲ್ಲ. ತಲೆ ತಗ್ಗಿಸಿ ಸುಮ್ಮನಾಗಬೇಕು. ನಾನು ತಗ್ಗಿಸಿದೆ. ಬೇರೆ ಸೀಮೆಯಿಂದ ಬಂದ ಯಾರಾದರೂ ಆಗಿದ್ದರೆ ‘ಎಲ್ಲಿಗೆ?’ ಎಂದು ಕೇಳಿ ಪಾರಾಗುತ್ತಿದ್ದರೇನೋ. ನಾನು ಅಲ್ಲಿಯೇ ಹುಟ್ಟಿ ಬೆಳೆದವಳು, ನನಗೆ ಎಲ್ಲ ತಿಳಿದಿತ್ತು. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು, ಕಣ್ಣು ಒರೆಸಿಕೊಳ್ಳುತ್ತ ಬಸ್ಸು ಹತ್ತಿದೆ.

ವರದಿಯನ್ನು ನಾಲ್ಕು ದಿನ ಬರೆದೆ. ‘ಪತಿ ತೀರಿಕೊಂಡ ಮೇಲೆ ಹನ್ನೆರಡು ವರ್ಷಗಳಿಂದ ಈ ರಾಟೆಯೇ ಗಂಗವ್ವನ ಬಾಳಸಂಗಾತಿ’ ಎಂಬ ವಾಕ್ಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಕಾಕಾ ನನ್ನ ವಿಶೇಷಣಗಳನ್ನೆಲ್ಲ ಕಾಳು ಆರಿಸಿದ ಹಾಗೆ ಆರಿಸಿ ಒಗೆದರು. ಬಾಳಸಂಗಾತಿಯ ಹತ್ತಿರ ಬಂದು ಪೆನ್ನು ನಿಲ್ಲಿಸಿದರು, ನನ್ನ ಮುಖ ನೋಡಿದರು, ಒಂದು ಇರಲಿ ಎಂದು ಬಿಟ್ಟರು. ಕೊನೆಗೆ ಅಂಚಿನಲ್ಲಿ ಆ ಪದ ಬರೆದರು: ‘ಅಡ್ಡಿಯಿಲ್ಲ’. ನಾನು ಆ ಕರಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಜೂನ್ ಮೊದಲ ಭಾನುವಾರ ಅರ್ಧ ಪುಟದಲ್ಲಿ, ಫೋಟೋದೊಂದಿಗೆ, ನನ್ನ ಹೆಸರಿನಲ್ಲಿ ಅದು ಬಂತು. ಅದೇ ದಿನ ಮಳೆಯೂ ಬಂತು. ಅಪ್ಪ ಹತ್ತು ಪ್ರತಿ ಕೊಂಡು ಅಮರಗೋಳದ ಅಂಗಡಿ ಅಂಗಡಿಗೆ ಹಂಚಿದ. ಹತ್ತಿಯ ಸುದ್ದಿ ಎಂದು ಹೇಳಿ ಹಂಚಿದನಂತೆ, ಮಗಳ ಸುದ್ದಿ ಅನ್ನಲಿಲ್ಲ. ಸಂಪಾದಕರು ಕರೆದು, ಈ ವರ್ಷ ಜಿಲ್ಲಾ ಪ್ರಶಸ್ತಿಗೆ ನಮ್ಮ ಪತ್ರಿಕೆಯಿಂದ ನಿನ್ನ ವರದಿಯೇ ಹೋಗಲಿ ಅಂದರು. ಪ್ರಶಸ್ತಿ ಬಂದರೆ ಆಮಂತ್ರಣ ಪತ್ರಿಕೆಗಳನ್ನು ಬೇರೆಯವರಿಗೆ ಕೊಟ್ಟು ನನ್ನನ್ನು ವರದಿಗೆ ಹಾಕುವುದಾಗಿಯೂ ಹೇಳಿದರು. ಆ ಹತ್ತು ದಿನ ನಾನು ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ.

ಅರ್ಜಿಯ ಜೊತೆ ವರದಿಯ ಮೂರು ಪ್ರತಿ ಅಂಟಿಸಿ ಕೊಡಬೇಕಿತ್ತು. ಅಂಟಿಸುವುದು ಕಾಕಾನ ಕೆಲಸ, ಬೇರೆಯವರು ಮುಟ್ಟುವಂತಿರಲಿಲ್ಲ. ಆ ಮಧ್ಯಾಹ್ನ ಹೊರಗೆ ಜೋರು ಮಳೆ, ಒಳಗೆ ಮೈದಾದ ವಾಸನೆ. ಎರಡು ಪ್ರತಿ ಅಂಟಿಸಿ, ಮೂರನೆಯದರ ಅಂಚು ಒತ್ತುತ್ತಿದ್ದವರು ಕೈ ತಡೆದರು. ಜೇಬಿನಿಂದ ಭೂತಗನ್ನಡಿ ತೆಗೆದು ಫೋಟೋದ ಮೇಲೆ ಹಿಡಿದರು. ಕರಡು ತಿದ್ದುವಾಗ ಅವರಿಗೆ ಬರುತ್ತಿದ್ದುದು ಅಕ್ಷರ ಮಾತ್ರ. ಫೋಟೋವನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು.

“ಈಕಿ ಗಂಡ ತೀರಿಕೊಂಡಾನ ಅಂತ ಯಾರ ಹೇಳಿದ್ರು ನಿನಗ?” ಎಂದು ಕೇಳಿದರು.

ಅವಳೇ ಹೇಳಿದಳು ಎಂದೆ. ಏನಂತ ಹೇಳಿದಳು, ಅದೇ ಮಾತಿನಲ್ಲಿ ಹೇಳು ಅಂದರು. ಹೇಳಿದೆ. ಕಾಕಾ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ರಾಟೆಯ ಬುಡವನ್ನು ತೋರಿಸಿದರು. ಅಲ್ಲಿ ಗಂಗವ್ವನ ಎಡಗಾಲು ಕಾಣುತ್ತಿತ್ತು. ಕಾಲಿನ ಎರಡನೆಯ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ. ಗಂಡನಿಲ್ಲದವರು ನಮ್ಮಲ್ಲಿ ಕಾಲುಂಗುರ ಇಡುವುದಿಲ್ಲ. ಫೋಟೋ ತೆಗೆದವಳು ನಾನು, ಆರಿಸಿದವಳು ನಾನು, ಹತ್ತು ದಿನದಿಂದ ಅದನ್ನು ನೋಡಿ ನೋಡಿ ಹಿಗ್ಗಿದವಳೂ ನಾನು. ಬರಿಗೈ ಕಂಡಿತ್ತು, ವಿಭೂತಿ ಕಂಡಿತ್ತು, ಕಾಲು ಕಂಡಿರಲಿಲ್ಲ.

“ಕೇಳಿದ್ದೇನು ನೀ?” ಅಂದರು ಕಾಕಾ.

ಇಲ್ಲ ಎಂದೆ. ಕಾಕಾ ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ನನಗೆ ಬೈಯಲಿಲ್ಲ. ಅಡ್ಡಿಯಿಲ್ಲ ಅಂತ ನಾನೂ ಬರೆದುಬಿಟ್ಟೆನಲ್ಲ ಎಂದು ತಮಗೇ ಹೇಳಿಕೊಂಡರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅರ್ಜಿಯ ಕೊನೆಗೆ ಒಂದು ಸಾಲು ಅಚ್ಚಾಗಿತ್ತು: ‘ಈ ವರದಿಯಲ್ಲಿರುವ ಸಂಗತಿಗಳೆಲ್ಲ ನಾನೇ ಕೇಳಿ, ನೋಡಿ ಖಚಿತಪಡಿಸಿಕೊಂಡವು’. ಅದರ ಕೆಳಗೆ ನನ್ನ ಸಹಿ ಬೇಕು. ಗರಗಕ್ಕೆ ಹೋಗಿ ಬಂದು ಆಮೇಲೆ ಸಹಿ ಮಾಡು ಎಂದು ಹೇಳಿ ಕಾಕಾ ಅರ್ಜಿಯನ್ನು ತಮ್ಮ ಖಾನೆಯಲ್ಲಿಟ್ಟು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಹೊರಟೆ. ಹುಬ್ಬಳ್ಳಿಯಲ್ಲಿ ಬಿಸಿಲಿತ್ತು, ಧಾರವಾಡ ಮುಟ್ಟುವಷ್ಟರಲ್ಲಿ ಜಿಟಿಜಿಟಿ ಹಿಡಿದಿತ್ತು. ಗರಗದ ಬಸ್ಸಿನ ಎರಡೂ ಬದಿಗೆ ಕಪ್ಪು ನೆಲ ಹಸಿಯಾಗಿ ಹೊಳೆಯುತ್ತಿತ್ತು, ಹೆಸರು ಬಿತ್ತಿದ ಸಾಲುಗಳಲ್ಲಿ ಆಗಲೇ ಎರಡೆಲೆ ಮೂಡಿದ್ದವು. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಆ ದಿನ ನಾನು ಒಂದೇ ಸಮ ದೇವರಿಗೆ ಬೇಡಿಕೊಳ್ಳುತ್ತಿದ್ದುದು ಒಂದೇ. ಅವನು ಸತ್ತಿರಲಿ. ಹೌದು, ಖರೇ ಹೇಳುತ್ತೇನೆ, ಒಬ್ಬ ಗುರುತಿಲ್ಲದ ಮನುಷ್ಯ ಸತ್ತೇ ಹೋಗಿರಲಿ, ನನ್ನ ವಾಕ್ಯ ಉಳಿಯಲಿ ಎಂದು ಬೇಡಿಕೊಂಡೆ. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ನೂಲುವ ಸಾಲೆಯಲ್ಲಿ ನನ್ನನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು. ಕಿಟಕಿಯ ಪಕ್ಕದ ರಾಟೆ ಖಾಲಿ ಇತ್ತು. ಪತ್ರಿಕೆ ಬಂದ ಮರುದಿನದಿಂದ ಗಂಗವ್ವ ಕೆಲಸಕ್ಕೆ ಬಂದಿಲ್ಲವೆಂದು ಒಬ್ಬಾಕೆ ಹೇಳಿದಳು, ಮನೆಯ ದಾರಿ ತೋರಿಸಿದಳು.

ಮನೆ ಹೊಕ್ಕಾಗ ಗಂಗವ್ವ ಒಲೆಯ ಮುಂದಿದ್ದಳು. ಕೈಯಲ್ಲಿ ಹಸಿರು ಬಳೆ ತುಂಬಿದ್ದವು. ರಾಟೆಯ ಮುಂದೆ ಕೂಡುವಾಗ ನೂಲಿಗೆ ತೊಡಕಾಗುತ್ತದೆಂದು ತೆಗೆದಿಡುತ್ತಾಳೆ, ಅಷ್ಟೇ. ಅವಳು ಬಾ ಅನ್ನುವ ಮೊದಲೇ ಗೋಡೆಗೆ ಒರಗಿ ಕೂತಿದ್ದ ಮುದುಕಿ, ಅವಳ ಅತ್ತೆ, ನನ್ನ ಕೈ ಹಿಡಿದು ಕೆಳಗೆ ಕೂಡಿಸಿಕೊಂಡಳು. ಪೇಪರಿನಾಕಿ ಬಂದಳೇನು ಎಂದು ಸೊಸೆಯನ್ನು ಕೇಳಿ, ನನ್ನ ಕಡೆ ತಿರುಗಿದಳು.

“ಎಲ್ಲಿ ತೀರಿಕೊಂಡ ಯವ್ವಾ ನನ್ನ ಮಗ? ನಿಮಗ ಗೊತ್ತಾಗೇತಿ, ನಮಗ ಯಾರೂ ಹೇಳವಲ್ರು.”

ಆ ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು. ಗಂಗವ್ವ ಒಲೆಯ ಮುಂದಿನಿಂದ ಏಳದೆ ನಡೆದದ್ದನ್ನು ಒಂದೊಂದಾಗಿ ಹೇಳಿದಳು. ವರದಿಯನ್ನು ಊರಲ್ಲಿ ಗಟ್ಟಿಯಾಗಿ ಓದಿದ್ದರು. ಅತ್ತೆ ಕೇಳಿ, ನಾವು ಹನ್ನೆರಡು ವರ್ಷ ಹುಡುಕಿದರೂ ಸಿಗದ ಸುದ್ದಿ ಪತ್ರಿಕೆಯವರಿಗೆ ಸಿಕ್ಕಿದೆ ಎಂದು ತಿಳಿದಿದ್ದಳು. ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಮೈದುನ ಕತ್ತರಿಸಿದ ಸುದ್ದಿಯನ್ನು ಕೈಯಲ್ಲಿ ಹಿಡಿದು ಬಂದು, ಅಚ್ಚಿನಲ್ಲೇ ಬಂದ ಮೇಲೆ ಇನ್ನೇನು ಉಳಿಯಿತು, ಬಳೆ ಕಾಲುಂಗುರ ತೆಗೆ, ಮಾಡಬೇಕಾದ ಕಾರ್ಯ ಮಾಡಿ ಮುಗಿಸೋಣ ಅಂದಿದ್ದ. ಗಂಗವ್ವ ಒಪ್ಪಿರಲಿಲ್ಲ. ಬರೆದಾಕೆ ಬರಲಿ, ಅವಳನ್ನು ಕೇಳಿ ಆಮೇಲೆ ನೋಡೋಣ ಎಂದು ಎಲ್ಲರನ್ನೂ ಹತ್ತು ದಿನ ತಡೆದು ನಿಲ್ಲಿಸಿದ್ದಳು. ನಾನು ಹುಬ್ಬಳ್ಳಿಯಲ್ಲಿ ಎರಡೆರಡು ಮೆಟ್ಟಿಲು ಹತ್ತುತ್ತಿದ್ದ ಹತ್ತು ದಿನಗಳು ಅವೇ.

ನನಗೆ ಗೊತ್ತಿಲ್ಲ ಆಯಿ, ಎಂದೆ. ಮುದುಕಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ನಿನ್ನ ಮಗ ಎಲ್ಲಿದ್ದಾನೆ, ಏನಾಗಿದ್ದಾನೆ, ನನಗೆ ಗೊತ್ತಿಲ್ಲ. ನಾನು ಯಾರನ್ನೂ ಕೇಳಲಿಲ್ಲ, ಊಹೆ ಮಾಡಿ ಬರೆದೆ. ಊಹೆ ಎಂಬ ಮಾತು ಬಾಯಿಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ನನ್ನ ಕೈ ಬಿಟ್ಟಳು. ಹಂಗಾದರ ಸತ್ತಿಲ್ಲ ಅಂತೇನು, ಎಂದು ಕೇಳಿದಳು. ಅದೂ ನನಗೆ ಗೊತ್ತಿಲ್ಲ ಎಂದು ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ಸುಳ್ಳು ಹೇಳಿ ಅವಳನ್ನು ನಗಿಸಬಹುದಿತ್ತು.

ಗಂಗವ್ವ ಎದ್ದು ಚಹಾ ತಂದುಕೊಟ್ಟಳು. ಆಗ ನಾನು ಕೇಳಿದೆ, ನೀವು ಹೋದರು ಅಂದದ್ದಕ್ಕೆ ನಾನು ಹಾಗೆ ತಿಳಿದೆ, ಬಿಟ್ಟು ಹೋದರು ಅನ್ನಬಾರದಿತ್ತೇ ಎಂದು. ತಪ್ಪನ್ನು ಅವಳ ಕಡೆ ಸ್ವಲ್ಪ ಸರಿಸುವ ಆಸೆ ಅದರಲ್ಲಿ ಇಲ್ಲದಿರಲಿಲ್ಲ.

“ಹೋಗುಮುಂದ ಅವರು ಬರ್ತೇನಿ ಅಂದಿದ್ರ, ಬರ್ತೇನಿ ಅಂತ ಹೇಳಿ ಹೋಗ್ಯಾರ ಅಂತಿದ್ದೆ. ಹೊಸ್ತಲದಾಗ ನಿಂತು ಹೋಗ್ತೇನಿ ಅಂದ್ರು. ಅದಕ್ಕ ನಾನೂ ಹೋದ್ರು ಅಂತೇನಿ. ಬಿಟ್ಟ ಹೋದ್ರೋ, ಸತ್ತ ಹೋದ್ರೋ, ಅದು ನನಗೇನ ಗೊತ್ತು? ಗೊತ್ತಿದ್ದಷ್ಟ ಹೇಳೇನಿ.”

ನಾನು ಪತ್ರಿಕೋದ್ಯಮ ಎರಡು ವರ್ಷ ಕಾಲೇಜಿನಲ್ಲಿ ಓದಿದ್ದೆ. ಆ ಪಾಠ ನನಗೆ ಗೊತ್ತಾಗಿದ್ದು ಆ ಅಡಿಗೆಮನೆಯಲ್ಲಿ. ಆದರೂ ಹುಟ್ಟುಗುಣ ಬಿಡಲಿಲ್ಲ. ಅವರು ಬರಲಿ ಎಂದು ಕಾಲುಂಗುರ ಇಟ್ಟುಕೊಂಡಿದ್ದೀರಿ, ನಾನು ಅದನ್ನೂ ಅರ್ಥ ಮಾಡಿಕೊಳ್ಳಲಿಲ್ಲ ಎಂದು ಕಣ್ಣೀರು ಒರೆಸುತ್ತ ಅಂದೆ. ಗಂಗವ್ವ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಅವರು ಹಾಕಿದ ಕಾಲುಂಗುರ ಎಂದೋ ಸವೆದು ಹೋಗಿದ್ದವಂತೆ. ಇವು ಅವಳು ನೂತು ದುಡಿದು ತಾನೇ ಕೊಂಡವು, ಕಾಲಿಗೆ ಛಲೋ ಕಾಣುತ್ತವೆ ಎಂದು ಹಾಕಿಕೊಂಡಿದ್ದಾಳೆ. ಮತ್ತೆ ಕೇಳದೆ ಹೇಳಾಕ ಹತ್ತಿದಿ ನೋಡು, ಎಂದು ನಕ್ಕಳು. ಮುದುಕಿಯೂ ಯಾಕೆಂದು ತಿಳಿಯದೆ ನಕ್ಕಳು. ನಾನು ಹೊರಡುವಾಗ ಗಂಗವ್ವ ಹೊಸ್ತಿಲ ತನಕ ಬಂದಳು. ಅವಳು ಕೇಳಿದ್ದು ಒಂದೇ.

“ನಿನಗ ಗೊತ್ತಿಲ್ಲ ಅಂತ ಪೇಪರಿನ್ಯಾಗ ಬರಿ. ಬಾಯಿಲೆ ಹೇಳಿದ್ರ ನಮ್ಮ ಮೈದುನ ನಂಬಂಗಿಲ್ಲ.”

ಬರ್ತೇನಿ ಎಂದು ಹೇಳಿ ಹೊರಟೆ.

ಸಂಜೆ ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ತಿದ್ದುಪಡಿ ಹಾಕಿದರೆ ಪ್ರಶಸ್ತಿ ಹೋದ ಹಾಗೆಯೇ ಎಂದೂ ಹೇಳಿದೆ. ಅವನು ಊಟದ ತಾಟಿನಿಂದ ತಲೆ ಎತ್ತದೆ ಒಂದು ಮಾತು ಕೇಳಿದ: ಹತ್ತಿಯ ದರ ತಪ್ಪಾಗಿ ಬಿದ್ದರೆ ನೀವು ಮರುದಿನವೇ ತಿದ್ದುತ್ತೀರಲ್ಲ, ಮನುಷ್ಯನದಕ್ಕೆ ಯಾಕೆ ಇಷ್ಟು ವಿಚಾರ? ಆ ಮಾತನ್ನೇ ಮರುದಿನ ಸಂಪಾದಕರ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ. ಆದರೆ ಯಾರೂ ದೂರು ಕೊಡದಿದ್ದಾಗ ನಾವೇ ಯಾಕೆ ಡಂಗುರ ಸಾರಬೇಕು, ಅದೂ ಪ್ರಶಸ್ತಿಗೆ ಕಳಿಸುವ ವಾರ ಎಂಬುದು ಅವರ ಪ್ರಶ್ನೆ. ಪ್ರಶಸ್ತಿಯ ಫಲಿತಾಂಶ ಬರುವವರೆಗೆ ತಡೆ ಅಂದರು. ಅಷ್ಟು ದಿನ ಆ ಮುದುಕಿ ಊಟ ಬಿಟ್ಟು ಕೂತಿರಬೇಕೇ ಎಂದೆ. ಸಂಪಾದಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಬರೆದು ತಾ ಅಂದರು.

ಕಾಕಾ ಮತ್ತು ನಾನು ಸೇರಿ ಬರೆದದ್ದು ನಾಲ್ಕು ಸಾಲು. ‘ಗರಗದ ಖಾದಿ ಕುರಿತ ವರದಿಯಲ್ಲಿ ಗಂಗವ್ವ ಅವರ ಪತಿ ತೀರಿಕೊಂಡಿದ್ದಾರೆ ಎಂದು ಪ್ರಕಟವಾಗಿತ್ತು. ಅವರು ಹೋಗಿ ಹನ್ನೆರಡು ವರ್ಷವಾಯಿತು ಎಂದಷ್ಟೇ ಗಂಗವ್ವ ಹೇಳಿದ್ದರು. ಉಳಿದದ್ದು ವರದಿಗಾರ್ತಿಯ ಊಹೆ. ಅವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದು ಪತ್ರಿಕೆಗೆ ಗೊತ್ತಿಲ್ಲ.’ ಕೊನೆಯ ಸಾಲಿನ ಮೇಲೆ ಸಂಪಾದಕರ ಬೆರಳು ನಿಂತಿತು. ಪತ್ರಿಕೆಗೆ ಗೊತ್ತಿಲ್ಲ ಎಂದು ಪತ್ರಿಕೆಯೇ ಬರೆಯುವುದೆಂದರೇನು, ಓದುಗರು ನಗುವುದಿಲ್ಲವೇ ಎಂದರು. ಕಾಕಾ ಯಾವತ್ತೂ ಸಂಪಾದಕರಿಗೆ ಎದುರಾಡಿದವರಲ್ಲ.

“ಗೊತ್ತಿಲ್ಲ ಅನ್ನೋದೂ ಸುದ್ದೀನ ಅದರೀ. ಆ ಮನ್ಯಾಗ ಅದೊಂದಽ ಸುದ್ದಿ ಬೇಕಾಗೇದ,” ಅಂದರು.

ಮರುದಿನ ಅದು ಮೂರನೆಯ ಪುಟದಲ್ಲಿ ಬಂತು. ಪತ್ರಿಕೆಯನ್ನು ನಾನೇ ಗರಗಕ್ಕೆ ಒಯ್ದೆ. ಪಕ್ಕದ ಮನೆಯ ಹೆಂಗಸು ಓದಿದಳು, ಮುದುಕಿ ಎರಡು ಸಲ ಓದಿಸಿದಳು, ಆಮೇಲೆ ಪತ್ರಿಕೆಯನ್ನು ಮಡಚಿ ದೇವರ ಜಗುಲಿಯ ಕೆಳಗಿಟ್ಟು, ರೊಟ್ಟಿ ಕೊಡು ಎಂದು ಸೊಸೆಗೆ ಹೇಳಿದಳು. ಮೈದುನ ಮತ್ತೆ ಆ ಮಾತೆತ್ತಲಿಲ್ಲವಂತೆ. ಅಚ್ಚಿನಲ್ಲಿ ಬಂದದ್ದನ್ನು ಅವನು ಎಂದೂ ಅಲ್ಲಗಳೆದವನಲ್ಲ. ಮರುದಿನ ಗಂಗವ್ವ ಕಿಟಕಿಯ ಪಕ್ಕದ ರಾಟೆಗೆ ವಾಪಸಾದಳು.

ಅರ್ಜಿ ಕಳಿಸಲು ಒಂದೇ ದಿನ ಉಳಿದಿತ್ತು. ಸಂಪಾದಕರು ಕಳಿಸಬೇಡ ಎಂದೂ ಅನ್ನಲಿಲ್ಲ, ಕಳಿಸು ಎಂದೂ ಅನ್ನಲಿಲ್ಲ. ಕಾಕಾ ಖಾನೆಯ ಬೀಗ ತೆಗೆದು, ಮೂರೂ ಹಾಳೆಯ ಕೆಳಗೆ ತಿದ್ದುಪಡಿಯ ತುಂಡನ್ನು ಅಂಟಿಸಿ, ಅಂಗೈಯಿಂದ ಒತ್ತಿ, ಸಹಿಯ ಸಾಲನ್ನು ನನಗೆ ತೋರಿಸಿದರು. ಪೆನ್ನು ಹಿಡಿದು ಕೂತೆ. ಸಂಗತಿಗಳೆಲ್ಲ ಖಚಿತಪಡಿಸಿಕೊಂಡವು ಎಂಬುದರ ಮುಂದೆ ‘ಒಂದು ವಾಕ್ಯದ ಹೊರತು’ ಎಂದು ಬರೆದು ಸಹಿ ಮಾಡಿದೆ. ಕಾಕಾ ಓದಿ ನೋಡಿದರು, ಲಕೋಟೆ ಮುಚ್ಚಿದರು. ಅಡ್ಡಿಯಿಲ್ಲ ಅನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ. ಆ ಪದವನ್ನು ಅವರು ನನಗೆ ಮತ್ತೆಂದೂ ಹೇಳಲಿಲ್ಲ.

ಜುಲೈ ಕೊನೆಗೆ ಧಾರವಾಡದಲ್ಲಿ ಸಮಾರಂಭ. ಛತ್ರಿಗಳ ರಾಶಿ, ಒದ್ದೆ ಚಪ್ಪಲಿಗಳ ರಾಶಿ, ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ. ಪ್ರಶಸ್ತಿ ಬೇರೆ ತಾಲೂಕಿನ ಒಬ್ಬ ಹುಡುಗನಿಗೆ ಬಂತು, ಕೆರೆಯ ಒತ್ತುವರಿಯ ಬಗ್ಗೆ ಬರೆದವನಿಗೆ. ಒಳ್ಳೆಯ ವರದಿ. ಹೊಟ್ಟೆಯುರಿಯಿಂದಲೇ ಚಪ್ಪಾಳೆ ತಟ್ಟಿದೆ. ಮುಂದೆ ಒಂದೂವರೆ ವರ್ಷ ಆಮಂತ್ರಣ ಪತ್ರಿಕೆಗಳ ಹಿಂದೆಯೇ ಕೂತೆ. ಆಮೇಲೆ ವರದಿಗೆ ಹಾಕಿದರು, ಪತ್ರಿಕೆಗಳು ಬದಲಾದವು, ನೂರಾರು ಸುದ್ದಿ ಬರೆದೆ. ಪ್ರಶಸ್ತಿ ಮಾತ್ರ ನನಗೆ ಯಾವತ್ತೂ ಬರಲಿಲ್ಲ. ಅಪ್ಪನ ಅಂಗಡಿಯ ಗೋಡೆಯ ಮೇಲೆ ಆ ವರದಿ ಮತ್ತು ಆ ನಾಲ್ಕು ಸಾಲಿನ ತಿದ್ದುಪಡಿ ಒಂದೇ ಚೌಕಟ್ಟಿನಲ್ಲಿ ಇವತ್ತಿಗೂ ಇವೆ. ಕಾಕಾ ಈಗಿಲ್ಲ. ತೀರಿಕೊಂಡರು ಎಂದೇ ಬರೆಯುತ್ತೇನೆ. ಹೋದರು ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಈ ವರ್ಷ ಆಯ್ಕೆ ಸಮಿತಿಗೆ ನನ್ನನ್ನು ಕರೆದಾಗ ಆಶ್ಚರ್ಯವಾಗಿತ್ತು. ಮೊದಲ ದಿನವೇ ಸಮಿತಿಯ ಹಿರಿಯರು ಕಾರಣ ಹೇಳಿದರು. ಹನ್ನೆರಡು ವರ್ಷದ ಹಿಂದೆಯೂ ಅವರು ಸಮಿತಿಯಲ್ಲಿದ್ದರಂತೆ. ಆ ಅರ್ಜಿಯ ಮೇಲೆ ಅರ್ಧ ದಿನ ವಾದವಾಗಿತ್ತಂತೆ. ತಪ್ಪಿದ್ದ ವರದಿಗೆ ಪ್ರಶಸ್ತಿ ಕೊಡಲಾಗದು ಎಂದು ತೀರ್ಮಾನಿಸಿದರೂ ಅರ್ಜಿಯ ನಮೂನೆಯನ್ನು ಅವರು ಮರುವರ್ಷ ಬದಲಿಸಿದರು. ಅಂದಿನಿಂದ ಕೊನೆಯಲ್ಲಿ ಇನ್ನೊಂದು ಸಾಲು ಇದೆ: ‘ಈ ವರದಿಗೆ ತಿದ್ದುಪಡಿ ಪ್ರಕಟವಾಗಿದ್ದರೆ ಜೊತೆಗೆ ಅಂಟಿಸಿ. ಅದರಿಂದ ಅಂಕ ಕಡಿಮೆಯಾಗುವುದಿಲ್ಲ’. ಈ ಸಲ ಹಾಗೆ ಅಂಟಿಸಿದವರು ಮೂವರು. ಮೈದಾ ವಾಸನೆಯ ಹುಡುಗ ಅವರಲ್ಲಿ ಒಬ್ಬ.

ಕೆಲಸ ಮುಗಿದದ್ದು ಮಧ್ಯಾಹ್ನಕ್ಕೆ. ಹುಬ್ಬಳ್ಳಿಯ ಬಸ್ಸು ಹತ್ತಬೇಕಾದವಳು ಗರಗದ ಬಸ್ಸು ಹತ್ತಿದೆ. ಮೊದಲೆಲ್ಲ ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಮುದುಕಿ ತೀರಿಕೊಂಡಾಗ ಹೋಗಿದ್ದೆ, ಆಮೇಲೆ ನಾಲ್ಕೈದು ವರ್ಷ ಆಗಿರಲಿಲ್ಲ.

ಗಂಗವ್ವ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೂದಲು ಬೆಳ್ಳಗಾಗಿದೆ. ಬರ್ತೇನಿ ಅಂದಾಕಿ ಬಂದಿ ನೋಡು, ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಕೂಡುತ್ತಲೇ ನನ್ನ ಕಣ್ಣು ಅವಳ ಕಾಲಿಗೆ ಹೋಯಿತು. ಬೆರಳುಗಳು ಬರಿದಾಗಿದ್ದವು. ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಪೂರ್ತಿ ಕಥೆ ತಯಾರಾಯಿತು. ಎಲ್ಲಿಂದಲೋ ಸುದ್ದಿ ಬಂದಿದೆ, ಅವನು ಎಲ್ಲೋ ಪರಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾನೆ, ಇವಳು ಒಬ್ಬಳೇ ಕಾಲುಂಗುರ ತೆಗೆದಿದ್ದಾಳೆ. ತಲೆ ತಗ್ಗಿಸಿ ಸುಮ್ಮನಾಗುವುದೊಂದೇ ಬಾಕಿ ಇತ್ತು. ಮಳೆ ಹನಿಯತೊಡಗಿತ್ತು. ಸಮಿತಿಯಿಂದ ತಂದು ಕಟ್ಟೆಯ ಮೇಲಿಟ್ಟಿದ್ದ ನನ್ನ ಹಾಳೆಗಳ ಕಟ್ಟನ್ನು ಮಡಿಲಿಗೆ ಎಳೆದುಕೊಂಡು, ಧೈರ್ಯ ಮಾಡಿ ಕೇಳಿದೆ:

“ಕಾಲುಂಗರ ಯಾಕ ತಗದ್ರಿ ಗಂಗಕ್ಕಾ?”

ಗಂಗವ್ವ ತನ್ನ ಕಾಲನ್ನು ತಾನೇ ಒಮ್ಮೆ ನೋಡಿಕೊಂಡಳು, ಆಮೇಲೆ ನನ್ನನ್ನು.

“ಬಳ್ಳು ಬಾತಾವ ತಂಗಿ, ಹಿಡಸವಲ್ವು. ಡಬ್ಬ್ಯಾಗ ಇಟ್ಟೇನಿ,” ಅಂದಳು. ಬಾತ ಬೆರಳನ್ನು ಸ್ವಲ್ಪ ಹೊತ್ತು ತಿಕ್ಕಿಕೊಂಡಳು. “ಈ ಸಲ ಕೇಳಿದಿ. ಅಡ್ಡಿಯಿಲ್ಲ.”